ಕಂಬಿಗೆ ಕಿವಿಗೊಟ್ಟ ಅತ್ತೆ

ನಮ್ಮತ್ತೆ ಎಲ್ಲಿ ನಡೆದರೂ ರೈಲು ಹಾದಿಯ ಮೇಲೆ ನಡೆದಂತೆಯೇ ನಡೆಯುತ್ತಿದ್ದರು. ಗುಬ್ಬಿ ಸಂತೆಯ ಸಮತಟ್ಟು ನೆಲವಾಗಲಿ, ಯಾರದೋ ತೆಂಗಿನ ತೋಟದ ಬದುವಾಗಲಿ, ಕಂಬಿಯಡಿಗೆ ಅಡ್ಡ ಹಾಕಿದ ಒಂದು ಸ್ಲೀಪರ್ ದಿಮ್ಮಿಯಿಂದ ಇನ್ನೊಂದಕ್ಕೆ ಎಷ್ಟು ದೂರವೋ ಅಷ್ಟೇ ದೂರಕ್ಕೆ ಅವರ ಹೆಜ್ಜೆ ಬೀಳುತ್ತಿತ್ತು. ಕಾಲ ಕಡೆ ನೋಡದೆ, ಕತ್ತೆತ್ತಿ, ಪಾದವನ್ನು ತುಸು ಎತ್ತಿ ಎತ್ತಿ ಇಡುವ ನಡಿಗೆ. ಚಪ್ಪಲಿ ಹಾಕಿದವರಲ್ಲ. ಜಲ್ಲಿಕಲ್ಲಿನ ಮೇಲೆ ಓಡಾಡಿ ಹಿಮ್ಮಡಿ ಒಡೆದು, ಆ ಒಡಕಿನೊಳಗೆ ಇಂಜಿನ್ನಿನ ಮಸಿ ಸೇರಿ, ಎಷ್ಟು ತಿಕ್ಕಿದರೂ ಹೋಗದ ಕಪ್ಪು ಗೆರೆಗಳಾಗಿದ್ದವು. ನನ್ನನ್ನು ನೋಡಲು ಅಮೃತೂರಿಗೆ ಬಂದ ದಿನ ನಮ್ಮವ್ವ ಮೊದಲು ನೋಡಿದ್ದು ಆ ಕಾಲುಗಳನ್ನೇ.

"ರೈಲ್ವೆ ಕೆಲ್ಸ ಅಂತಾರೆ, ಆಯಮ್ಮನ ಕಾಲು ನೋಡಿದ್ರೆ ಕಲ್ಲು ಒಡೆಯೋರ ತರ ಅವೆ" ಎಂದು ಅವ್ವ ಅಡುಗೆಮನೆಗೆ ಬಂದು ಪಿಸುಗುಟ್ಟಿದಳು. ಅಪ್ಪ ಮಾತ್ರ "ಸರ್ಕಾರಿ ಕೆಲ್ಸ, ಸರ್ಕಾರಿ ಮನೆ" ಎಂಬ ಮಾತಿಗೆ ಆಗಲೇ ಸೋತಿದ್ದ.

ನಮ್ಮ ಕುಣಿಗಲ್ ತಾಲ್ಲೂಕಿನಲ್ಲಿ ಆಗ ರೈಲೇ ಇರಲಿಲ್ಲ. ರೈಲನ್ನು ಹತ್ತಿರದಿಂದ ಕಂಡೇ ಇರದವಳನ್ನು ಮದುವೆ ಮಾಡಿ ರೈಲು ಹಾದಿಯ ಪಕ್ಕದಲ್ಲೇ ತಂದು ಇಳಿಸಿದರು. ಗುಬ್ಬಿ ದಾಟಿ ನಿಟ್ಟೂರಿನ ಕಡೆ ಹೋಗುವಾಗ, ಯಾವ ಊರಿಗೂ ಸೇರದ ಬಯಲಿನಲ್ಲಿ ಒಂದು ಸಾಲು ಮನೆ. ಹಾದಿ ದುರಸ್ತಿಯ ಗ್ಯಾಂಗಿನವರಿಗೆ ಕಟ್ಟಿಸಿದ್ದರಿಂದ ಗ್ಯಾಂಗ್ ಕ್ವಾರ್ಟರ್ಸ್ ಎಂದು ಅದಕ್ಕೆ ಹೆಸರು. ಒಂದರ ಗೋಡೆಗೆ ಒಂದು ಅಂಟಿಕೊಂಡ ಮನೆಗಳು. ಮುಂದೆ ಜಗಲಿ, ಒಳಗೆ ಒಂದು ಕೋಣೆ, ಹಿಂದೆ ಹೊಗೆ ಹಿಡಿದ ಅಡುಗೆಮನೆ. ಸಾಲಿಗೆಲ್ಲ ಒಂದೇ ಬಾವಿ. ಕರೆಂಟಿಲ್ಲ, ರಸ್ತೆಯಿಲ್ಲ. ಜಗಲಿಯಿಂದ ಇಳಿದರೆ ಕಂಬಿ.

ಯಾರಿಗೆ ಯಾವ ಮನೆ ಎಂಬುದು ಅವರವರ ಕೆಲಸದ ಮೇಲೆ. ಸಾಲಿನ ತಲೆಯಲ್ಲಿದ್ದ, ಒಂದು ಕೋಣೆ ಹೆಚ್ಚಿದ್ದ ಮನೆ ಮೇಸ್ತ್ರಿಯದು. ಎಲ್ಲಿ ಕಂಬಿ ತಗ್ಗಿದೆ, ಎಲ್ಲಿ ಜಲ್ಲಿ ತುಂಬಬೇಕು ಎಂದು ನೋಡಿ ಹೇಳುವವನು ಅವನು. ಅದರ ಪಕ್ಕದ್ದು ಕೀಮನ್ ಮನೆ. ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಉದ್ದ ಹಿಡಿಯ ಸುತ್ತಿಗೆಯನ್ನು ಹೆಗಲಿಗಿಟ್ಟು, ತಮ್ಮ ಗ್ಯಾಂಗಿನ ಪಾಲಿನ ಹಾದಿಯನ್ನೆಲ್ಲ ಒಬ್ಬನೇ ನಡೆದು, ಕಂಬಿಯನ್ನು ಸ್ಲೀಪರಿಗೆ ಬಿಗಿದಿಡುವ ಕಬ್ಬಿಣದ ಬೆಣೆಗಳಲ್ಲಿ ಸಡಿಲವಾದದ್ದನ್ನು ಬಡಿದು ಕೂರಿಸಿ ಬರುವವನು ಕೀಮನ್. ಮಿಕ್ಕ ಮನೆಗಳು ಹಾರೆ, ಪಿಕಾಸಿ, ಬಾಂಡ್ಲಿ ಹಿಡಿದು ಬಿಸಿಲಲ್ಲಿ ಬೇಯುವ ಗ್ಯಾಂಗ್‌ಮನ್ನುಗಳವು. ಕೆಲಸ ಹೋದರೆ ಮನೆಯೂ ಹೋಯಿತು. ಕೆಲಸ ಬದಲಾದರೆ ಮನೆಯೂ ಬದಲು.

ನನ್ನ ಮಾವ ಕೀಮನ್ ಆಗಿದ್ದವರು. ನಾನು ಅವರನ್ನು ನೋಡಲಿಲ್ಲ. ಅವರದೊಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ. ನನ್ನ ಮದುವೆಗೆ ಒಂದೆರಡು ವರ್ಷ ಮೊದಲು, ಒಂದು ಮಧ್ಯಾಹ್ನ, ಸೇತುವೆಯ ತುದಿಯ ಕಟ್ಟೆಯ ಮೇಲೆ ಸುಧಾರಿಸಿಕೊಳ್ಳಲು ಕೂತವರು ಕೂತ ಹಾಗೇ ಹೋಗಿಬಿಟ್ಟಿದ್ದರಂತೆ. ಸುತ್ತಿಗೆ ತೊಡೆಯ ಮೇಲೇ ಇತ್ತಂತೆ. ದಿನಾ ಊಟದ ಹೊತ್ತಿಗೆ ಹತ್ತಿರವಾಗುತ್ತಿದ್ದ ಬಡಿತದ ಸದ್ದು ಆವತ್ತು ಬರಲಿಲ್ಲವಲ್ಲ ಎಂದು ಹುಡುಕಿಕೊಂಡು ಹೋದವರು ಅತ್ತೆಯೇ. ಸಾಮಾನು ಸಾಗಿಸುವ ತಳ್ಳುವ ಟ್ರಾಲಿಯ ಮೇಲೆ ಮಲಗಿಸಿ, ಗ್ಯಾಂಗಿನವರು ಅವರನ್ನು ಅವರದೇ ಕಂಬಿಯ ಮೇಲೆ ಮನೆಗೆ ತಂದರು. ಆಮೇಲೆ ಮಗನಿಗೆ ಗ್ಯಾಂಗ್‌ಮನ್ ಕೆಲಸ ಸಿಕ್ಕಿತು. ಕೀಮನ್ ಮನೆಯನ್ನು ಹೊಸ ಕೀಮನ್ನಿಗೆ ಬಿಟ್ಟುಕೊಟ್ಟು, ಅತ್ತೆ ಪಾತ್ರೆಪಡಗ ಹೊತ್ತು ಸಾಲಿನ ಕಟ್ಟಕಡೆಯ ಮನೆಗೆ ಬಂದರು. ನಾನು ಸೇರು ಒದ್ದು ಒಳಗೆ ಬಂದದ್ದು ಆ ಮನೆಗೆ.

ಮೊದಲ ಸಲ ಗೂಡ್ಸ್ ಗಾಡಿ ಹೋದಾಗ ನಾನು ಒಲೆಯ ಮುಂದಿದ್ದೆ. ನೆಲ ಕಂಪಿಸಿತು, ಹಲಗೆಯ ಮೇಲಿನ ಲೋಟಗಳೆಲ್ಲ ಒಂದಕ್ಕೊಂದು ತಗುಲಿ ಹಲ್ಲು ಕಡಿದ ಹಾಗೆ ಸದ್ದು ಮಾಡಿದವು. ನಾನು ಚೀರಿಕೊಂಡು ಹಿತ್ತಲಿಗೆ ಓಡಿದೆ. ಅತ್ತೆ ನಗಲಿಲ್ಲ. ಬಂದು ನನ್ನ ಕೈ ಹಿಡಿದು ಜಗಲಿಗೆ ಕರೆದುಕೊಂಡು ಹೋಗಿ, ಗಾಡಿಯ ಕೊನೆ ಡಬ್ಬಿ ದಾಟುವ ತನಕ ಹಾಗೇ ನಿಲ್ಲಿಸಿಕೊಂಡರು.

"ಹೆದರ್ಕೊಂಡ್ರೂ ಪರ್ವಾಗಿಲ್ಲ ಕಣವ್ವ. ಆದ್ರೆ ಕಂಬಿಗೆ ಮಾತ್ರ ಬೆನ್ನು ಹಾಕ್ಬೇಡ" ಎಂದರು.

ಅದು ಅವರ ಗಾದೆ. ಕಂಬಿಗೆ ಬೆನ್ನು ಹಾಕಬೇಡ. ಬಟ್ಟೆ ಒಣಗಿ ಹಾಕುವಾಗ, ಇಂಜಿನ್ನು ಉದುರಿಸಿ ಹೋದ ಅರೆಸುಟ್ಟ ಕಲ್ಲಿದ್ದಲು ಆಯುವಾಗ, ಬಾವಿಯ ಹತ್ತಿರ ಹೆಂಗಸರ ಜೊತೆ ಹರಟುವಾಗಲೂ ಅವರು ಅರೆ ಮುಖವನ್ನು ಹಾದಿಯ ಕಡೆಗೇ ಇಟ್ಟಿರುತ್ತಿದ್ದರು. ಅಕ್ಕರೆ ತೋರಿಸುವ ಮಾತು ಅವರ ಬಾಯಲ್ಲಿ ಕಡಿಮೆ. ಆದರೆ ಮುದ್ದೆ ಮುರಿದು ದೊಡ್ಡ ಪಾಲನ್ನು ನನ್ನ ತಟ್ಟೆಗೇ ಹಾಕುತ್ತಿದ್ದರು. ನಾನು ಎಸ್ಸೆಸ್ಸೆಲ್ಸಿ ಓದಿದವಳೆಂದು ಸಾಲಿನ ಹೆಂಗಸರ ಮುಂದೆ ಹೆಮ್ಮೆ ಪಟ್ಟುಕೊಳ್ಳುತ್ತಿದ್ದರು. "ನಮ್ ಸೊಸೆಗೆ ಗಾಡಿ ಮೇಲೆ ಬರ್ದಿರೋದೆಲ್ಲ ಓದೋಕೆ ಬತ್ತದೆ" ಎನ್ನುತ್ತಿದ್ದರು.

ಅವರ ಒಂದು ಅಭ್ಯಾಸಕ್ಕೆ ಮಾತ್ರ ನಾನು ಹೆದರುತ್ತಿದ್ದೆ.

ಸೂರ್ಯ ನೆತ್ತಿಗೆ ಬರುತ್ತಿದ್ದಂತೆ ಅತ್ತೆ ಅಡುಗೆ ಇಳಿಸಿ, ಚೊಂಬಿನಲ್ಲಿ ನೀರು ತುಂಬಿಸಿ ಜಗಲಿಯ ಅಂಚಿಗೆ ಇಟ್ಟು, ಕಂಬದ ಪಕ್ಕ ಕೂರುತ್ತಿದ್ದರು. ಗಂಡಸರು ಊಟ ಕಟ್ಟಿಕೊಂಡು ಹಾದಿಯ ಮೇಲೆ ಹೋಗಿರುತ್ತಿದ್ದರು. ಹೊಸ ಕೀಮನ್ ಬೆಳಗ್ಗೆಯೇ ಬಡಿದು ಮುಗಿಸಿ ಹೋಗಿರುತ್ತಿದ್ದ. ಬಯಲಲ್ಲಿ ಒಂದು ನರಪಿಳ್ಳೆ ಇರುತ್ತಿರಲಿಲ್ಲ. ಕಂಬಿಯ ಮೇಲೆ ಬಿಸಿಲ್ಗುದುರೆ ಕುಣಿಯುತ್ತಿತ್ತು. ಅತ್ತೆ ಸೇತುವೆಯ ದಿಕ್ಕಿಗೆ ಮುಖ ಮಾಡಿ, ಉಸಿರು ಕೂಡ ಬಿಗಿಹಿಡಿದವರಂತೆ ಕೂತಿರುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ "ಬಂದ್ರು" ಎನ್ನುತ್ತಿದ್ದರು. ಆಮೇಲೆಯೇ ತಟ್ಟೆ ಇಡುವುದು.

ಹೊಸದರಲ್ಲಿ ನಾನು ಇಣುಕಿ ನೋಡಿ "ಯಾರು ಬಂದ್ರು ಅತ್ತೆ?" ಎಂದು ಕೇಳಿದ್ದೆ.

"ನಿಮ್ಮಾವ. ಊಟಕ್ಕೆ ಇಕ್ಕು."

ಕಣ್ಣು ಕಿರಿದು ಮಾಡಿ ನೋಡಿದೆ, ಕಿವಿ ನಿಮಿರಿಸಿ ಕೇಳಿದೆ. ಏನೂ ಇಲ್ಲ. ಗೋಡೆಯಾಚೆಗಿನ ಮನೆ ಜೈನಾಬಿಯದು, ಅವಳ ಗಂಡನೂ ಗ್ಯಾಂಗ್‌ಮನ್. ನನ್ನ ಮುಖ ನೋಡಿ ಅವಳೇ ಹಿತ್ತಲಿಗೆ ಕರೆದು ಸಮಾಧಾನ ಮಾಡಿದಳು. "ಕೀಮನ್ ಸತ್ತ ದಿನದಿಂದ್ಲೂ ಹಂಗೇ ಕಣೇ. ಅವ್ರ ಸುತ್ತಿಗೆ ಸದ್ದು ಈಯಮ್ಮನಿಗೆ ಮಾತ್ರ ಕೇಳ್ತದಂತೆ. ನಮ್ಗೆ ಯಾರ್ಗೂ ಕೇಳ್ಸಲ್ಲ. ನೀನೇನೂ ಹೆದರ್ಬೇಡ, ಸತ್ತೋರು ನಿಯತ್ತಿನ ಮನ್ಷ."

ನಿಯತ್ತಿನವರಾದರೇನು, ಸತ್ತವರು ಸತ್ತವರೇ. ಮಧ್ಯಾಹ್ನವೆಂದರೆ ನಾನು ತಟ್ಟೆ ಹಿಡಿದು ಅಡುಗೆಮನೆಯ ಮೂಲೆ ಸೇರುತ್ತಿದ್ದೆ. ನನ್ನ ಗಂಡನಿಗೆ ಹೇಳಿದರೆ "ಅವ್ವ ಅಂದ್ಕೊಂಡ್ರೆ ಅಂದ್ಕೊಳ್ಲಿ ಬುಡು. ನಿಂಗೇನು ನಷ್ಟ?" ಎಂದ.

ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ನಾನು ತುಂಬಿದ ಬಸುರಿ. ಆ ಮೇ ತಿಂಗಳಲ್ಲೇ ದೇಶದುದ್ದಕ್ಕೂ ರೈಲ್ವೆ ಮುಷ್ಕರವಾದದ್ದು. ಮೇಸ್ತ್ರಿಯಿಂದ ಹಿಡಿದು ನನ್ನ ಗಂಡನವರೆಗೆ ಸಾಲಿನ ಗಂಡಸರೆಲ್ಲ ಹಾರೆ ಕೆಳಗಿಟ್ಟರು. ಸಿಕ್ಕವರನ್ನು ಹಿಡಿದು ಒಳಗೆ ಹಾಕುತ್ತಾರೆಂಬ ಸುದ್ದಿ ಬಂದ ಮೇಲೆ ಒಬ್ಬೊಬ್ಬರೇ ಕಣ್ಮರೆಯಾದರು. ಹಾಗಲವಾಡಿ ಕಡೆಯ ತೋಟಗಳಲ್ಲಿ ಅಡಗಿದ್ದಾರೆ ಎಂದು ನಮಗೆ ಗೊತ್ತಿತ್ತು. ಯಾರಾದರೂ ಕೇಳಿದರೆ ಗೊತ್ತಿಲ್ಲ ಎನ್ನಬೇಕೆಂಬುದೂ ಗೊತ್ತಿತ್ತು. ಪೊಲೀಸಿನವರು ಗುಬ್ಬಿಯಿಂದ ನಡೆದು ಬಂದು, ಕೆಲಸಕ್ಕೆ ಬಾರದವರ ಮನೆ ಖಾಲಿ ಮಾಡಿಸಬೇಕಾದೀತು ಎಂದು ಹೇಳಿ ಹೋದರು. ಅವರಿಗೂ ಬೇಜಾರೇ ಇದ್ದಂತಿತ್ತು; ನೀರು ಕೇಳಿ ಕುಡಿದು ಹೋದರು.

ಪೊಲೀಸರಿಗಿಂತ ನಮ್ಮನ್ನು ಹೆದರಿಸಿದ್ದು ಸದ್ದಿಲ್ಲದಿರುವುದು. ಗಾಡಿ ನಿಂತುಹೋಯಿತು. ಲೋಟಗಳು ಹಲಗೆಯ ಮೇಲೆ ಅಲುಗಲಿಲ್ಲ. ಜೈನಾಬಿಯ ಕೈಕೂಸು ಗಾಡಿಯ ಸದ್ದಿಗೇ ನಿದ್ದೆ ಹೋಗುತ್ತಿದ್ದದ್ದು, ಈಗ ಹಗಲೆಲ್ಲ ಅತ್ತೂ ಅತ್ತೂ ಕಣ್ಣು ತೆರೆದೇ ಇರುತ್ತಿತ್ತು. ಕನ್ನಡಿಯ ಹಾಗೆ ಹೊಳೆಯುತ್ತಿದ್ದ ಕಂಬಿಯ ಬೆನ್ನು ಮೊದಲು ಮಂಕಾಯಿತು, ಆಮೇಲೆ ಒಣಗಿದ ರಕ್ತದ ಬಣ್ಣಕ್ಕೆ ತಿರುಗಿತು. ನಾಯಿಗಳು ಕಂಬಿಗಳ ನಡುವೆ ಮಲಗತೊಡಗಿದವು. ಅತ್ತೆ ಅವುಗಳಿಗೆ ಕಲ್ಲು ಬೀಸಿ ಎಬ್ಬಿಸುತ್ತಿದ್ದರು. "ಗಾಡಿ ನಿಂತದೆ ಅಂತ ಕಂಬಿ ಸತ್ತಿಲ್ಲ ಕಣ್ರೋ" ಎಂದು ನಾಯಿಗಳಿಗೆ ಬುದ್ಧಿ ಹೇಳುತ್ತಿದ್ದರು. ಮಿಲಿಟರಿಯವರನ್ನು ಕೂರಿಸಿಕೊಂಡು ಒಂದೊಂದು ಇಂಜಿನ್ನು ಹೊತ್ತಿಲ್ಲ ಗೊತ್ತಿಲ್ಲದೆ ಓಡಾಡುತ್ತದೆ ಎಂಬ ಮಾತಿತ್ತು. ನಾವು ಯಾರೂ ನೋಡಿರಲಿಲ್ಲ.

ನನಗೆ ನೋವು ಶುರುವಾದದ್ದು ಬೆಳಗಿನ ಜಾವ. ಅತ್ತೆ ಜೈನಾಬಿಯನ್ನು ಕಳಿಸಿ ಹತ್ತಿರದ ಹಳ್ಳಿಯಿಂದ ಸೂಲಗಿತ್ತಿಯನ್ನು ಕರೆಸಿದರು. ಆಕೆ ಹೊಟ್ಟೆ ಮುಟ್ಟಿ ನೋಡಿ, ಹೊರಗೆ ಹೋಗಿ ಅತ್ತೆಯ ಹತ್ತಿರ ಗುಸುಗುಸು ಮಾತಾಡಿದಳು. ನನಗೆಲ್ಲ ಕೇಳಿಸಿತು.

"ಕೂಸು ಅಡ್ಡ ಕೂತದೆ ಕಣಮ್ಮ. ನನ್ ಕೈಲಾಗಲ್ಲ. ಆಸ್ಪತ್ರೆ ಸೇರಿಸ್ಬುಡಿ."

ಗುಬ್ಬಿಗೆ ಹೋಗಲು ಎತ್ತಿನ ಗಾಡಿಯ ದಾರಿ ಸುತ್ತು, ಅದೂ ಹಳ್ಳ ದಿಣ್ಣೆ. ಆ ಕುಲುಕಾಟಕ್ಕೆ ಎರಡು ಜೀವ ಉಳಿಯುವುದಿಲ್ಲ ಎಂದು ಸೂಲಗಿತ್ತಿಯೇ ಹೇಳಿದಳು. ಬೇರೆ ದಿನಗಳಾಗಿದ್ದರೆ ಬಟ್ಟೆ ಬೀಸಿ ಯಾವುದಾದರೂ ಗಾಡಿ ನಿಲ್ಲಿಸಬಹುದಿತ್ತು. ಅತ್ತೆ ಸೀದಾ ಮೇಸ್ತ್ರಿಯ ಮನೆಗೆ ಹೋದರು. ಗ್ಯಾಂಗಿನ ಸಾಮಾನು ಕೋಣೆಯ ಬೀಗದ ಕೈ ಮೇಸ್ತ್ರಿಯ ಹೆಂಡತಿಯ ಹತ್ತಿರ ಇತ್ತು. ಆಕೆಯನ್ನು ನಾವೆಲ್ಲ ಮೇಸ್ತ್ರಮ್ಮ ಎಂದೇ ಕರೆಯುತ್ತಿದ್ದೆವು. ಅವರಿಬ್ಬರ ಮಾತು ನಮ್ಮ ಮನೆವರೆಗೆ ಕೇಳಿಸುತ್ತಿತ್ತು.

"ಟ್ರಾಲಿ ಈಚೆಗೆ ತೆಗೆದ್ರೆ ನನ್ ಗಂಡನ್ ಕೆಲ್ಸ ಓಯ್ತದೆ ಕಣಕ್ಕಾ. ಪೊಲೀಸ್ನೋರು ನೋಡಿದ್ರೆ ಕಂಬಿ ಕೀಳೋಕ್ ಹೊಂಟವ್ರೆ ಅಂತಾರೆ. ಎದುರಿಗೆ ಇಂಜಿನ್ ಬಂದ್ರೆ?"

"ಬಂದ್ರೆ ಇಳಿಸ್ಕತೀವಿ. ಹೆಣ ಹೊತ್ತಿರೋ ಟ್ರಾಲಿ ಅದು, ಬಸುರೀನೂ ಹೊರ್ತದೆ. ಕೊಡವ್ವ ಬೀಗದ ಕೈ."

ಮೇಸ್ತ್ರಮ್ಮ ಕೊಟ್ಟಳು. ಕೊಟ್ಟದ್ದಷ್ಟೇ ಅಲ್ಲ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತಾನೂ ಬಂದಳು. ಅತ್ತೆ, ಮೇಸ್ತ್ರಮ್ಮ, ಜೈನಾಬಿ, ಹೊಸ ಕೀಮನ್ನಿನ ಹೆಂಡತಿ, ನಾಲ್ವರೂ ಸೇರಿ ಚಕ್ರಗಳನ್ನು ಕಂಬಿಯ ಮೇಲಿಟ್ಟು, ಮೇಲೆ ಹಲಗೆ ಕೂರಿಸಿದರು. ಕೌದಿ ಹಾಸಿ ನನ್ನನ್ನು ಮಲಗಿಸಿದರು. ಮಾವನ ಹೆಣ ಬಂದದ್ದು ಇದೇ ಹಲಗೆಯ ಮೇಲೆ ಎಂಬುದು ಆ ನೋವಿನಲ್ಲೂ ನನಗೆ ನೆನಪಾಯಿತು. ಏಳಲು ಹೋದೆ. ಅತ್ತೆ ಎದೆಯ ಮೇಲೆ ಕೈಯಿಟ್ಟು ಒತ್ತಿ ಮಲಗಿಸಿದರು.

"ಅವ್ರು ಮಲಗಿದ್ದ ಜಾಗ ಕಣವ್ವ. ನಿಂಗೆ ಕೇಡು ಮಾಡ್ತದಾ?"

ಅಷ್ಟರಲ್ಲಿ ಸೂರ್ಯ ನೆತ್ತಿಗೇರಿದ್ದ. ಅಂಥ ಬಿಸಿಲನ್ನು ನಾನು ಮತ್ತೆ ಕಂಡಿಲ್ಲ. ನಾಲ್ಕು ಹೆಂಗಸರು ಬರಿಗಾಲಲ್ಲಿ ಸ್ಲೀಪರಿನಿಂದ ಸ್ಲೀಪರಿಗೆ ಹೆಜ್ಜೆ ಹಾಕುತ್ತ ತಳ್ಳುತ್ತಿದ್ದರು. ತುಕ್ಕು ಹಿಡಿದ ಕಂಬಿಯ ಮೇಲೆ ಚಕ್ರಗಳು ಕಿರುಗುಟ್ಟುತ್ತಿದ್ದವು. ಒಂದು ಹಕ್ಕಿಯ ದನಿ ಇಲ್ಲ. ಯಾರೂ ಮಾತಾಡುತ್ತಿರಲಿಲ್ಲ. ಎರಡೂ ಕಡೆಯ ಬಯಲು ನೀರು ತುಂಬಿದ ಹಾಗೆ ನಡುಗುತ್ತಿತ್ತು, ಮುಂದಿನ ಕಂಬಿ ಆ ನೀರಿನೊಳಗೆ ಹೋಗಿ ಮುಳುಗಿದ ಹಾಗೆ ಕಾಣುತ್ತಿತ್ತು. ಅದರಾಚೆ ಏನಿದೆ, ಏನು ಬರುತ್ತಿದೆ, ಕಣ್ಣಿಗೆ ಗೊತ್ತಾಗುವಂತಿರಲಿಲ್ಲ.

ದಾರಿಯಲ್ಲಿ ಒಂದು ಸೇತುವೆ. ಮಾವ ಸತ್ತದ್ದು ಅಲ್ಲೇ. ಅದು ಇಕ್ಕಟ್ಟಿನದು. ಕಂಬಿಯ ಅಕ್ಕಪಕ್ಕ ನಿಲ್ಲಲು ಜಾಗವಿಲ್ಲ, ಕೆಳಗೆ ಬಂಡೆಗಳ ಒಣ ಹಳ್ಳ. ಸೇತುವೆ ದಾಟಿದ ಕೂಡಲೇ ಹಾದಿ ಒಂದು ದಿಣ್ಣೆಯನ್ನು ಕಡಿದುಕೊಂಡು ಬಲಕ್ಕೆ ತಿರುಗುತ್ತಿತ್ತು. ಸೇತುವೆಯ ಮೇಲಿರುವಾಗ ಎದುರಿಂದ ಏನಾದರೂ ಬಂದರೆ ಮುಗಿಯಿತು.

ಸೇತುವೆ ಇನ್ನೂ ಸ್ವಲ್ಪ ದೂರವಿರುವಾಗ ನನಗೆ ಕೇಳಿಸಿತು.

ಮೊದಲು ನನ್ನದೇ ರಕ್ತ ಕಿವಿಯಲ್ಲಿ ಬಡಿಯುತ್ತಿದೆ ಎಂದುಕೊಂಡೆ. ಆದರೆ ನೋವು ಬಂದು ಹೋಗುತ್ತಿತ್ತು, ಆ ಸದ್ದು ಮಾತ್ರ ನಿಲ್ಲಲಿಲ್ಲ. ಕಬ್ಬಿಣಕ್ಕೆ ಕಬ್ಬಿಣ ತಾಗುವ ಸದ್ದು. ಮುಂದಿನಿಂದ, ಸೇತುವೆಯ ಕಡೆಯಿಂದ, ಯಾರೋ ನಿಧಾನವಾಗಿ ಬಡಿಯುತ್ತ ನಮ್ಮತ್ತ ಬರುತ್ತಿದ್ದಾರೆ.

"ಅತ್ತೆ, ಯಾರೋ ಕಂಬಿ ಬಡೀತಾವ್ರೆ" ಎಂದೆ.

ಟ್ರಾಲಿ ನಿಂತಿತು. ಮೇಸ್ತ್ರಮ್ಮ "ನನಗೇನೂ ಕೇಳ್ತಿಲ್ವಲ್ಲ" ಎಂದಳು. ಜೈನಾಬಿ ಬಾಯಿಗೆ ಸೆರಗು ಒತ್ತಿಕೊಂಡಳು. ಅತ್ತೆ ನನ್ನ ಮುಖವನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದರು. ಆಮೇಲೆ ಮಂಡಿಯೂರಿ ಕೂತು, ಬಾಗಿ, ಎಡಗಿವಿಯನ್ನು ಕಂಬಿಗೆ ಇಟ್ಟರು. ಮೇ ತಿಂಗಳ ನಡುಮಧ್ಯಾಹ್ನದ ಕಂಬಿ, ಕೈ ಸೋಕಿದರೆ ಬೊಬ್ಬೆ ಏಳುವ ಕಂಬಿ. ಒಲೆಯ ಮೇಲಿನ ಹಂಚಿಗೆ ನೀರು ಬಿದ್ದಂಥ ಸದ್ದಾಯಿತು. ಜೈನಾಬಿ ಅವರ ಭುಜ ಹಿಡಿದು ಎಳೆದರೂ ಅವರು ತಲೆ ಎತ್ತಲಿಲ್ಲ.

ಎದ್ದಾಗ ಕಿವಿ ಕೆಂಪಗಾಗಿತ್ತು. ಮುಖದಲ್ಲಿ ನೋವಿನ ಸುಳಿವೇ ಇರಲಿಲ್ಲ.

"ಇಳಿಸ್ರಿ" ಎಂದರು. "ನಿಮ್ ಕೀಮನ್ ಅಣ್ಣ ನಿಲ್ಲಿ ಅಂತಾವ್ರೆ. ಇಳಿಸ್ರಿ ಬೇಗ."

ನನ್ನನ್ನು ತೋಳಿಗೆ ತೋಳು ಕೊಟ್ಟು ಎತ್ತಿ ಇಳಿಜಾರಿನಲ್ಲಿದ್ದ ಜಾಲಿಮರದ ಕೆಳಗೆ ಮಲಗಿಸಿದರು. ಹಲಗೆ ಎಳೆದರು. ಚಕ್ರಗಳನ್ನು ಉರುಳಿಸಿ ಕೆಳಗೆ ದೂಡಿದರು. ಕೊನೆಯ ಚಕ್ರ ಜಲ್ಲಿಯ ಮೇಲೆ ಇನ್ನೂ ಉರುಳುತ್ತಿರುವಾಗಲೇ ದಿಣ್ಣೆಯ ತಿರುವಿನಿಂದ ಇಂಜಿನ್ನು ಬಂತು. ಬರುವುದು ಕಾಣಲೇ ಇಲ್ಲ. ಇಲ್ಲದ್ದು ಇದ್ದಕ್ಕಿದ್ದಂತೆ ಇತ್ತು. ಇಳಿಜಾರಿನಲ್ಲಿ ಹೊಗೆಯಿಲ್ಲದೆ, ಉಸಿರಿಲ್ಲದೆ ಜಾರಿಕೊಂಡು ಬಂದು ಸೇತುವೆ ಹಿಡಿಯಿತು. ಹಿಂದೆ ಒಂದೇ ಡಬ್ಬಿ, ಬಾಗಿಲಲ್ಲಿ ಬಂದೂಕು ಹಿಡಿದು ಕಾಲು ಇಳಿಬಿಟ್ಟು ಕೂತಿದ್ದ ಜವಾನರು. ಅವರಲ್ಲೊಬ್ಬ ನಮ್ಮನ್ನು ನೋಡಿದ. ಜಾಲಿಮರದ ಕೆಳಗಿನ ಐದು ಹೆಂಗಸರನ್ನು ಕಂಡು ಅವನ ಬಾಯಿ ತೆರೆದುಕೊಂಡದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಗಾಡಿ ಹೋಯಿತು. ಮತ್ತೆ ಎಲ್ಲ ಮೊದಲಿನ ಹಾಗೇ ಸ್ತಬ್ಧ. ಬಡಿತದ ಸದ್ದೂ ಇರಲಿಲ್ಲ.

ಟ್ರಾಲಿಯನ್ನು ಮತ್ತೆ ಕಂಬಿಗೇರಿಸಿ ತಳ್ಳಿಕೊಂಡು ಹೋದಾಗ, ಗುಬ್ಬಿ ಸ್ಟೇಷನ್ನಿನಲ್ಲಿ ಪಹರೆಗಿದ್ದ ಪೊಲೀಸಿನವನು ಮೊದಲು ಲಾಠಿ ಎತ್ತಿಕೊಂಡೇ ಓಡಿಬಂದ. ಹಲಗೆಯ ಮೇಲಿದ್ದ ನನ್ನನ್ನು ನೋಡಿ ಲಾಠಿ ಬಿಸಾಕಿ ಜಟಕಾಗೆ ಓಡಿದ. ಆಸ್ಪತ್ರೆಯ ಬೆಂಚಿನ ಮೇಲೆ ಆ ನಾಲ್ವರೂ ಸಾಲಾಗಿ ಕೂತಿದ್ದರಂತೆ, ಎಂಟು ಕಾಲಿಗೂ ಬೊಬ್ಬೆ. ಸಂಜೆಗೆ ನನ್ನ ಮಗಳು ಹುಟ್ಟಿದಳು. ಇಬ್ಬರೂ ಉಳಿದದ್ದು ಹೆಚ್ಚು ಎಂದು ಡಾಕ್ಟರಮ್ಮ ಹೇಳಿದರು. ಆಮೇಲೆ ಅತ್ತೆಯ ಕಿವಿ ಕಂಡು "ಇದೇನಮ್ಮ?" ಎಂದರು. "ಒಲೆ ತಾಗ್ತು" ಎಂದರು ಅತ್ತೆ. ಆ ಕಿವಿಯ ಅಂಚು ಬಿಸಿಲಿಗೆ ಒಣಗಿದ ಎಲೆಯ ಹಾಗೆ ಮುರುಟಿಹೋಯಿತು.

ಮುಷ್ಕರ ಮುಗಿದು ಮನೆಗೆ ಬಂದ ನನ್ನ ಗಂಡ ಎಲ್ಲ ಕೇಳಿದ. ಆಮೇಲೆ, "ದೂರದಲ್ಲಿ ಇಂಜಿನ್ ಬರುವಾಗ ಕಂಬಿ ಜೋಡಣೆಗಳ ಮೇಲೆ ಚಕ್ರ ಟಕ್ ಟಕ್ ಅಂತದೆ. ಅದು ಕಬ್ಬಿಣದಲ್ಲಿ ಹರಿದು ಬಂದಿರ್ತದೆ. ನೀನು ಹಲಗೆ ಮೇಲೆ ಮಲಗಿದ್ಯಲ್ಲ, ಅದಕ್ಕೆ ನಿಂಗ್ ಗೊತ್ತಾಯ್ತು" ಎಂದ. ಇರಬಹುದು ಎನ್ನಿಸಿತು. ಅತ್ತೆ ಅಲ್ಲೇ ಅಕ್ಕಿ ಆರಿಸುತ್ತಿದ್ದರು. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಆದರೆ ಸಾಲಿನ ಹೆಂಗಸರು ಆ ಮಾತನ್ನು ಒಪ್ಪಲೇ ಇಲ್ಲ. ಕೀಮನ್ ಹೆಂಡತಿಗೆ ಸತ್ತ ಗಂಡನ ಸುತ್ತಿಗೆ ಕೇಳಿಸಿತು, ಕೇಳಿಸಿ ಆರು ಜೀವ ಉಳಿಯಿತು ಎಂಬ ಸುದ್ದಿ ಗ್ಯಾಂಗಿನಿಂದ ಗ್ಯಾಂಗಿಗೆ ಹಬ್ಬಿತು. ಎಲ್ಲೆಲ್ಲಿಂದಲೋ ಗ್ಯಾಂಗ್‌ಮನ್ನುಗಳ ಹೆಂಡತಿಯರು ಬಂದು ಅತ್ತೆಯ ಕಾಲು ಮುಟ್ಟಿ ಹೋಗುತ್ತಿದ್ದರು. ಅವರು ಮುಜುಗರದಿಂದ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು.

ಮುಷ್ಕರದಲ್ಲಿ ಕೆಲಸ ಕಳೆದುಕೊಂಡವರಲ್ಲಿ ನನ್ನ ಗಂಡನೂ ಒಬ್ಬ. ಮನೆ ಬಿಡಬೇಕಾಯಿತು. ಅಮೃತೂರಿನಲ್ಲಿ ನನ್ನ ತವರಿನ ಪಕ್ಕದಲ್ಲೊಂದು ಹೆಂಚಿನ ಮನೆ ಹಿಡಿದೆವು. ಅವನು ತೆಂಗಿನಕಾಯಿ ಸುಲಿಯಲು ಹೋಗುತ್ತಿದ್ದ, ನಾನು ಮಕ್ಕಳಿಗೆ ಪಾಠ ಹೇಳಿಕೊಡುತ್ತಿದ್ದೆ. ಅತ್ತೆ ಅಲ್ಲಿ ಮಧ್ಯಾಹ್ನ ಕಾಯಲೇ ಇಲ್ಲ. ಎಲ್ಲರ ಜೊತೆ ಕೂತು ಎರಡು ತುತ್ತು ಉಂಡು ಏಳುತ್ತಿದ್ದರು. ದಿನೇ ದಿನೇ ಬಡಕಲಾದರು. ಒಂದು ದಿನ ನಾನೇ, "ಯಾಕತ್ತೆ, ಈಗ ಕಾಯಲ್ವಲ್ಲ?" ಎಂದೆ.

"ಇಲ್ಗೆ ಹೆಂಗ್ ಬತ್ತಾರೆ? ಕಂಬಿ ಇಲ್ವಲ್ಲ" ಎಂದರು.

ಮೂರು ವರ್ಷದ ಮೇಲೆ ನನ್ನ ಗಂಡನಿಗೆ ಕೆಲಸ ವಾಪಸ್ಸು ಸಿಕ್ಕಿ, ತುಮಕೂರಿನ ಹತ್ತಿರದ ಗ್ಯಾಂಗಿಗೆ ಹಾಕಿದರು. ಅದೇ ಥರದ ಸಾಲು ಮನೆ. ಆದರೆ ಅಲ್ಲಿ ಊರು ಹತ್ತಿರ, ಕರೆಂಟಿತ್ತು. ಹೋದ ಮೊದಲ ದಿನವೇ ಅತ್ತೆ ಚೊಂಬು ತುಂಬಿಸಿ ಜಗಲಿಯ ಅಂಚಿಗಿಟ್ಟು ಕೂತರು. ಇದು ಬೇರೆ ಜಾಗವಲ್ಲವೇ ಎಂದರೆ, "ಗುಬ್ಬೀಲಿರೋದೂ ಇದೇ ಕಂಬಿ ಕಣವ್ವ. ಎಲ್ಲೂ ಕಡಿದಿಲ್ಲ, ಇಲ್ಲಿಗಂಟ ಒಂದೇ" ಎಂದರು. ಮತ್ತೆ ದಿನಾ "ಬಂದ್ರು" ಶುರುವಾಯಿತು. ನನಗೆ ಹೆದರಿಕೆ ಹೋಗಿತ್ತು. ನನ್ನ ಮಗಳಂತೂ ಅಜ್ಜಿಯ ಪಕ್ಕ ಕೂತು ತಾನೂ "ಬಂದ್ರು" ಎಂದು ಕೂಗಿ ತಟ್ಟೆ ತರಲು ಓಡುತ್ತಿದ್ದಳು.

ಎಂಬತ್ತರ ದಶಕದ ನಡುವಿನಲ್ಲಿ ಅತ್ತೆ ಹಾಸಿಗೆ ಹಿಡಿದರು. ಎದೆಯಲ್ಲಿ ನೀರು ತುಂಬಿಕೊಂಡಿದೆ ಎಂದರು ಡಾಕ್ಟರು. ಮಂಚವನ್ನು ಜಗಲಿಗೇ ಹಾಕಿಸಿಕೊಂಡರು. ಒಂದು ಮಧ್ಯಾಹ್ನ ಮಗಳು ಸ್ಕೂಲಿಗೆ ಹೋಗಿದ್ದಳು, ನಾನು ಅವರಿಗೆ ಗಂಜಿ ಕುಡಿಸುತ್ತಿದ್ದೆ. ಅವರು ಚಮಚವನ್ನು ಪಕ್ಕಕ್ಕೆ ಸರಿಸಿ, ಬೇರೆ ಯಾವುದೋ ಮಾತು ಮುಂದುವರಿಸಿದವರಂತೆ ಕೇಳಿದರು.

"ಅವತ್ತು ನಿಂಗೆ ಹೆಂಗ್ ಕೇಳ್ತು?"

ಯಾವತ್ತು ಎಂದು ನಾನು ಕೇಳಲಿಲ್ಲ. "ನಿಮಗೆ ಕೇಳಿಸಿದ ಹಾಗೇ ಅತ್ತೆ" ಎಂದೆ.

"ನಂಗೆಲ್ಲಿ ಕೇಳ್ತು?"

ಚಮಚ ನನ್ನ ಕೈಯಲ್ಲೇ ನಿಂತಿತು.

"ಅವತ್ತು ಕಿವಿ ಇಟ್ಟೆನಲ್ಲ, ಉರಿ ಬುಟ್ರೆ ಏನೂ ಇರ್ಲಿಲ್ಲ ಕಣವ್ವ. ಅವತ್ತೊಂದಿನ ಅಲ್ಲ. ಅವ್ರು ಹೋದ್ಮೇಲೆ ನಂಗೆ ಒಂದಿನಾನೂ ಕೇಳ್ಸಿಲ್ಲ."

"ಮತ್ತೆ ದಿನಾ ಬಂದ್ರು ಅಂತಿದ್ರಲ್ಲ?"

"ಅಂದ್ರೆ ಬಂದಾರೇನೋ ಅಂತ."

ಅವರು ಉಸಿರು ಸೇರಿಸಿಕೊಂಡು, ತಡೆ ತಡೆದು ಹೇಳಿದರು. "ನಿಂಗೆ ಕೇಳ್ತದೆ ಅಂದಾಗ ಒಂದ್ ಗಳಿಗೆ ನನ್ ಹೊಟ್ಟೆ ಉರೀತು. ಮೂವತ್ತು ವರ್ಷ ಅವ್ರ ಜತೆ ಬಾಳ್ದೋಳು ನಾನು. ದಿನಾ ಕಾದೋಳು ನಾನು. ಮೊಕಾನೇ ನೋಡ್ದಿರೋ ನಿಂಗ್ ಕೇಳ್ತಲ್ಲ ಅಂತ."

"ಕೇಳಿಸದೇ ಇದ್ರೆ ಇಳಿಸ್ರಿ ಅಂತ ಯಾಕಂದ್ರಿ?"

"ನೀನು ಹೇಳಿದ್ಯಲ್ಲ. ಆ ಹೊತ್ತಲ್ಲಿ ಸುಳ್ಳಾಡ್ತೀಯಾ? ನನ್ ಕಿವಿಗಿಂತ ನಿನ್ ಮಾತು ಸಾಕು ಅನ್ನಿಸ್ತು."

ನಾನು ಅವರ ಕೈ ಹಿಡಿದುಕೊಂಡು ಅಳುತ್ತಿದ್ದೆ. ಅವರು ಅದನ್ನು ಗಮನಿಸದವರಂತೆ ಮತ್ತೆ ಅದನ್ನೇ ಕೇಳಿದರು. "ಹೇಳು, ಹೆಂಗ್ ಬಡೀತಿದ್ರು?"

ಗಂಜಿಯ ಬಟ್ಟಲು ಖಾಲಿ ಮಾಡಿ, ಕವುಚಿ ಹಾಕಿ, ಚಮಚದಿಂದ ಅದರ ಮೇಲೆ ಬಡಿದು ತೋರಿಸಿದೆ. ಆ ಸದ್ದನ್ನು ನಾನು ಯಾರ ಮುಂದೆಯೂ ಬಡಿದು ತೋರಿಸಿದ್ದಿಲ್ಲ. ಎರಡು ಸಣ್ಣ ಪೆಟ್ಟು, ಆಮೇಲೆ ಒಂದು ಬಲವಾದ ಪೆಟ್ಟು. ಸ್ವಲ್ಪ ಬಿಡುವು. ಮತ್ತೆ ಎರಡು ಸಣ್ಣವು, ಒಂದು ದಪ್ಪ.

ಅತ್ತೆ ನನ್ನ ಮಣಿಕಟ್ಟು ಹಿಡಿದರು. ಅಷ್ಟು ಸೊರಗಿದ ಕೈಯಲ್ಲಿ ಅಷ್ಟು ಬಲ ಎಲ್ಲಿಂದ ಬಂತೋ.

"ಅವ್ರು ಹಂಗೇ ಬಡೀತಿದ್ದಿದ್ದು. ಬೇರೆ ಯಾವ ಕೀಮನ್ನೂ ಹಂಗ್ ಬಡೀತಿರ್ಲಿಲ್ಲ. ಯಾರ್ ಹೇಳಿದ್ರು ನಿಂಗೆ?"

"ಯಾರೂ ಹೇಳಿಲ್ಲ ಅತ್ತೆ."

ಅವರು ಕಂಬಿಯ ಕಡೆ ಮುಖ ತಿರುಗಿಸಿದರು. ಆಮೇಲೆ ಕಣ್ಣು ಮುಚ್ಚಿಕೊಂಡು, ಮಗುವಿನ ಹಾಗೆ ಕೇಳಿದರು.

"ಇನ್ನೊಂದ್ ಸಲ ಬಡಿ."

ಬಡಿದೆ. ಇನ್ನೊಂದು ಸಲ ಎಂದರು. ಮತ್ತೆ ಬಡಿದೆ. ಅವರ ಮುಖದ ಮೇಲಿನ ಸುಕ್ಕುಗಳು ಒಂದೊಂದಾಗಿ ಸಡಿಲವಾಗುವುದು ಕಾಣುತ್ತಿತ್ತು. ಬಿಸಿಲು ಜಗಲಿಯಿಂದ ಇಳಿದು ಹೋಗುವ ತನಕ, ಮಗಳು ಸ್ಕೂಲಿಂದ ಬರುವ ತನಕ, ನಾನು ಬಡಿಯುತ್ತಲೇ ಇದ್ದೆ. ಅವರು ನಿದ್ದೆ ಹೋಗಿದ್ದರು.

ಅದೇ ವಾರ ಅತ್ತೆ ತೀರಿಕೊಂಡರು. ತುಮಕೂರು, ಗುಬ್ಬಿ, ನಿಟ್ಟೂರಿನ ಗ್ಯಾಂಗುಗಳಿಂದೆಲ್ಲ ಜನ ಬಂದರು. ಮೇಸ್ತ್ರಮ್ಮ ಕೋಲೂರಿಕೊಂಡು ಬಂದಿದ್ದಳು. ಜೈನಾಬಿ ಹೆಣದ ತಲೆಯ ಹತ್ತಿರ ಕೂತು, ಬಂದ ಬಂದವರಿಗೆಲ್ಲ ಅಳುತ್ತಲೇ ಆ ಕಥೆ ಹೇಳುತ್ತಿದ್ದಳು. ಕಂಬಿ ಕೆಂಡವಾಗಿತ್ತು, ಆದರೂ ಆಯಮ್ಮ ಕಿವಿ ಇಟ್ಟಳು, ಗಂಡನ ಸುತ್ತಿಗೆ ಕೇಳಿಸಿತು, ಇಳಿಸ್ರಿ ಅಂದಳು. ಬಾಗಿಲ ಮರೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ನನ್ನ ಮಗಳು ನನ್ನ ಹತ್ತಿರ ಬಂದು ಸೆರಗು ಜಗ್ಗಿದಳು.

"ಅಮ್ಮಾ, ಅಜ್ಜಿಗೆ ನಿಜವಾಗ್ಲೂ ತಾತನ್ ಸುತ್ತಿಗೆ ಕೇಳಿಸ್ತಾ?"

"ಹೂಂ ಕಣೇ" ಎಂದೆ. "ಕೇಳಿಸ್ತು."